ಕೋಳಿಪುಕ್ಕ, ಗೋಣಿನಾರು, ಹಳೇ ಚಪ್ಪಲಿ: ಮನೆಯಲ್ಲೇ ಫ್ಲೈ ಕಟ್ಟುವ ವಿಧಾನ

"ಫ್ಲೈ ಕಟ್ಟಲು ಯಾವ ಕಿಟ್ ತರಿಸಲಿ? ಎಷ್ಟು ದುಡ್ಡು ಬೇಕು?" ಗಾಳದ ಹುಚ್ಚು ಹತ್ತಿದವರು ಮೊದಲು ಕೇಳುವುದು ಇದನ್ನೇ. ಕುಶಾಲನಗರದವರು ಕೇಳುತ್ತಾರೆ, ಗೋಣಿಕೊಪ್ಪದವರು ಕೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸ ಮಾಡಿ ರಜೆಗೆ ತೋಟಕ್ಕೆ ಬರುವವರೂ ಕೇಳುತ್ತಾರೆ. ನನ್ನ ಉತ್ತರ ಒಂದೇ. ಕಿಟ್ ಬೇಡ. ಗಾಳಕ್ಕೆ ಮತ್ತು ದಾರಕ್ಕೆ ಮಾತ್ರ ದುಡ್ಡು ಹಾಕಿ. ಉಳಿದದ್ದು ಕೋಳಿಗೂಡಿನಲ್ಲಿ, ಹೊಲಿಗೆ ಡಬ್ಬಿಯಲ್ಲಿ, ಗೋಡೌನಿನ ಮೂಲೆಯಲ್ಲಿ ಸಿಗುತ್ತದೆ.

ಹೊಸಬರಿಗಾಗಿ ಒಂದು ಮಾತು. ಫ್ಲೈ ಅಂದರೆ ಗಾಳದ ಮೇಲೆ ದಾರ, ಪುಕ್ಕ, ಉಲ್ಲನ್ ಸುತ್ತಿ ಮಾಡಿದ ಕೃತಕ ಹುಳ. ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುವ ಬದಲು ಇದನ್ನು ನೀರಿಗೆ ಬಿಡುತ್ತೇವೆ. ಮೀನು ಇದನ್ನು ಇರುವೆ ಅಂತಲೋ, ಜಿಗಣೆ ಅಂತಲೋ, ಗೊದಮೊಟ್ಟೆ ಅಂತಲೋ ತಿಳಿದು ಬಾಯಿ ಹಾಕುತ್ತದೆ. ಅದು ನೋಡುವುದು ಗಾತ್ರ, ಆಕಾರ, ಅಲುಗಾಟ. ಪುಕ್ಕ ಯಾವ ದೇಶದಿಂದ ಬಂತು ಅಂತ ಅದಕ್ಕೇನು ಗೊತ್ತು?

ವಿಡಿಯೋ ನೋಡಿ ಕಲಿಯುವವರು ಇನ್ನೊಂದು ವಿಷಯ ನೆನಪಿಡಿ. ಅವುಗಳಲ್ಲಿ ತೋರಿಸುವುದು ಹೆಚ್ಚಾಗಿ ಟ್ರೌಟ್ ಮೀನಿನ ಫ್ಲೈ. ಅದು ತಣ್ಣೀರಿನ ಮೀನು. ನಮ್ಮ ಹತ್ತಿರದಲ್ಲಿ ಅಂದರೆ ನೀಲಗಿರಿ, ಮುನ್ನಾರ್ ಕಡೆ ಇದೆ. ಕೊಡಗಿನ ತೋಟದ ಕೆರೆಗಳಲ್ಲಿ ಸಿಗುವುದು ಜಿಲೇಬಿ (ತಿಲಾಪಿಯಾ), ಗೆಂಡೆ, ಕೊರವ. ಇವಕ್ಕೆ ಕಣ್ಣಿಗೆ ಕಾಣದಷ್ಟು ಚಿಕ್ಕ ಫ್ಲೈ ಬೇಕಾಗಿಲ್ಲ. ಕಲಿಯುವವರಿಗೆ ಅದೇ ಅನುಕೂಲ.

ಎಲ್ಲಿ ಹಾಕಬಹುದು, ಎಲ್ಲಿ ಬೇಡ

ಕಲಿಕೆಗೆ ತೋಟದ ಕೆರೆಯೇ ಸರಿ. ನಿಮ್ಮದಿದ್ದರೆ ಸರಿ, ಇಲ್ಲದಿದ್ದರೆ ಯಜಮಾನರನ್ನು ಕೇಳಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳ ಒಳಗಿನ ನೀರಿಗೆ ಗಾಳ ಒಯ್ಯಬೇಡಿ. ದೇವಸ್ಥಾನದ ಮೀನಿನ ಗುಂಡಿಗಳ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ?

ಕಾವೇರಿಯ ಮಹಶೀರ್ ಬೇರೆಯೇ ಕಥೆ. ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ವಾಲ್ನೂರು ಕಡೆ ಹಿಡಿದು ವಾಪಸ್ ಬಿಡುವ ಷರತ್ತಿನ ಮೇಲೆ, ಪರವಾನಗಿ ಪಡೆದು ಗಾಳ ಹಾಕುವ ಪದ್ಧತಿ ಬೆಳೆದು ಬಂದಿದೆ. ಹೋಗುವ ಮುಂಚೆ ಈಗಿನ ನಿಯಮ ಏನು ಅಂತ ಕೇಳಿಕೊಂಡೇ ಹೋಗಿ. ಕೆಳಗೆ ಹೇಳುವ ಫ್ಲೈಗಳನ್ನು ಆ ಮೀನಿಗೆ ಹಾಕಲೇಬೇಡಿ. ಸಣ್ಣ ಗಾಳವನ್ನು ಅದು ಬಾಯಲ್ಲೇ ನೆಟ್ಟಗೆ ಮಾಡಿಬಿಡುತ್ತದೆ.

ಅಂಗಡಿಯಿಂದ ತರಬೇಕಾದದ್ದು

ಗಾಳ. ಇದರಲ್ಲಿ ಜಿಪುಣತನ ಬೇಡ. ಸಂತೆಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಅಗ್ಗದ ಗಾಳದ ಮೊನೆ ಮೊಂಡಾಗಿರುತ್ತದೆ, ಕಣ್ಣು (ದಾರ ಪೋಣಿಸುವ ತೂತು) ಸರಿಯಾಗಿ ಮುಚ್ಚಿರುವುದಿಲ್ಲ. ಅರ್ಧ ಗಂಟೆ ಕೂತು ಕಟ್ಟಿದ ಫ್ಲೈ ಅಂಥ ಗಾಳದ ಮೇಲಿದ್ದರೆ ಅಷ್ಟೂ ಶ್ರಮ ದಂಡ. ನಂಬರ್ ನೋಡಿ ತನ್ನಿ. ನಂಬರ್ ಹೆಚ್ಚಾದಷ್ಟು ಗಾಳ ಚಿಕ್ಕದು. 12 ಅಂದರೆ 8ಕ್ಕಿಂತ ಚಿಕ್ಕದು. ಜಿಲೇಬಿಗೆ 10ರಿಂದ 12, ಗೆಂಡೆಗೆ 8ರಿಂದ 10, ಕೊರವನಿಗೆ 4 ಅಥವಾ 2. ಮೊದಲ ಸಲಕ್ಕೆ 8 ನಂಬರಿನ ಉದ್ದ ಕಡ್ಡಿಯ ಗಾಳ ಕೇಳಿ. ಕಡ್ಡಿ ಅಂದರೆ ಕಣ್ಣಿನಿಂದ ಬಾಗುವವರೆಗಿನ ನೇರ ಭಾಗ. ನಮ್ಮ ಕೆಲಸವೆಲ್ಲ ನಡೆಯುವುದು ಅದರ ಮೇಲೆಯೇ.

ದಾರ. ಪಾಲಿಯೆಸ್ಟರ್ ಹೊಲಿಗೆ ದಾರ, ಸಿಕ್ಕಷ್ಟು ತೆಳ್ಳಗಿನದು. ಕಪ್ಪು ಒಂದು, ಕಂದು ಒಂದು ಸಾಕು. ಹತ್ತಿ ದಾರ ಬೇಡ. ಎಳೆದರೆ ಪಟ್ಟನೆ ತುಂಡಾಗುತ್ತದೆ, ನೆನೆದು ನೆನೆದು ಕೊಳೆಯುತ್ತದೆ.

ಮನೆಯಲ್ಲೇ ಸಿಗುವುದು

ನಾಟಿಕೋಳಿ ಹುಂಜದ ಕತ್ತಿನ ಗರಿ ಮತ್ತು ಬೆನ್ನಿನ ಕೆಳಭಾಗದ ಉದ್ದ ಗರಿ ನಮ್ಮ ಮುಖ್ಯ ಆಸ್ತಿ. ಹುಂಜದ ಗರಿ ಸೆಟೆದು ನಿಲ್ಲುತ್ತದೆ. ತೇಲುವ ಫ್ಲೈಗೆ ಅದು. ಹೇಂಟೆಯ ಗರಿ ಮೆತ್ತಗೆ, ಬೇಗ ನೀರು ಕುಡಿಯುತ್ತದೆ. ಮುಳುಗುವ ಫ್ಲೈಗೆ ಅದು. ಯಾವ ಗರಿಯ ಬುಡ ನೋಡಿದರೂ ಹತ್ತಿಯಂತೆ ಉದುರುದುರಾದ ತುಪ್ಪಳ ಇರುತ್ತದೆ. ಎಲ್ಲರೂ ಅದನ್ನು ಕಿತ್ತು ಎಸೆಯುತ್ತಾರೆ. ನೀವು ಎಸೆಯಬೇಡಿ. ನೀರಿನಲ್ಲಿ ಅದರಷ್ಟು ಜೀವಂತವಾಗಿ ಅಲುಗಾಡುವ ವಸ್ತು ಇನ್ನೊಂದಿಲ್ಲ.

ಮನೆಯಲ್ಲಿ ಕೋಳಿ ಸಾರು ಮಾಡುವ ದಿನ, ಕೋಳಿಯನ್ನು ಬಿಸಿನೀರಿಗೆ ಅದ್ದುವ ಮೊದಲೇ ಬೇಕಾದ ಗರಿ ಕಿತ್ತಿಟ್ಟುಕೊಳ್ಳಿ. ಅದ್ದಿದ ಮೇಲೆ ಮುದ್ದೆಯಾಗಿ ಕೊಬ್ಬು ಅಂಟುತ್ತದೆ, ತೊಳೆಯುವ ಕೆಲಸ ಜಾಸ್ತಿ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ ತೊಳೆದು, ನೆರಳಿನಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟವೇ ಗತಿ. ಪೂರ್ತಿ ಒಣಗಿದ ಮೇಲೆ ಕವರಿಗೆ ಹಾಕಿ, ಒಂದೆರಡು ನುಸಿಗುಳಿಗೆ ಸೇರಿಸಿ ಕಟ್ಟಿಡಿ. ಹಸಿ ಇರುವಾಗಲೇ ಕಟ್ಟಿಟ್ಟರೆ ಬೂಸ್ಟು. ರೋಗ ಬಂದು ಸತ್ತ ಕೋಳಿಯದ್ದು ಮುಟ್ಟಬೇಡಿ.

ಫಾರಂ ಕೋಳಿಯ ಬಿಳಿ ಪುಕ್ಕಕ್ಕೆ ಬಣ್ಣ ಕೊಡಬಹುದು. ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ನೆನೆಸಿದರೆ ತಿಳಿ ಕಂದು ಬರುತ್ತದೆ. ಬೇರೆ ಬಣ್ಣ ಬೇಕಾದರೆ ಅಡುಗೆ ಬಣ್ಣಕ್ಕೆ ಎರಡು ಚಮಚ ವಿನೆಗರ್ ಸೇರಿಸಿ, ಕುದಿ ಬರದಂತೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಪುಕ್ಕ ಮುಳುಗಿಸಿ. ವಿನೆಗರ್ ಮರೆತರೆ ಬಣ್ಣವೆಲ್ಲ ಕೆರೆಯ ಪಾಲು.

ಕಾಡುಕೋಳಿಯ ಗರಿ ಮಾತ್ರ ಬೇಡವೇ ಬೇಡ. ತೋಟದಂಚಿನಲ್ಲಿ ಓಡಾಡುವ ಆ ಬೂದು ಕಾಡುಕೋಳಿಯ ಕತ್ತಿನ ಗರಿಯಲ್ಲಿ ಮೇಣ ತೊಟ್ಟಿಕ್ಕಿದಂತೆ ಹೊಳೆಯುವ ಚುಕ್ಕಿ ಇರುತ್ತದೆ. ಆ ಚುಕ್ಕಿಗಾಗಿಯೇ ಬ್ರಿಟಿಷರ ಕಾಲದಿಂದ ಸಾಲ್ಮನ್ ಫ್ಲೈ ಕಟ್ಟುವವರು ಅದರ ಹಿಂದೆ ಬಿದ್ದಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದಕ್ಕೆ ರಕ್ಷಣೆ ಇದೆ. ಯಾರಾದರೂ ಮಾರಲು ಬಂದರೂ ತೆಗೆದುಕೊಳ್ಳಬೇಡಿ.

ಇನ್ನು ಉಳಿದ ಸಾಮಾನು:

- ಗೋಣಿಚೀಲದ ನಾರು. ಒಣಗಿದಾಗ ಹೊಂಬಣ್ಣ, ನೆನೆದರೆ ಗಾಢ ಕಂದು. ನೀರುಹುಳದ ಮೈಬಣ್ಣ ಅದೇ.
- ಪ್ಲಾಸ್ಟಿಕ್ ಗೊಬ್ಬರದ ಚೀಲದ ಎಳೆ. ಸೂಜಿಯಿಂದ ಸೀಳಿದರೆ ಕೂದಲಿನಂತೆ ಬಿಡಿಸಿಕೊಳ್ಳುತ್ತದೆ. ನೀರಿಗಿಂತ ಹಗುರ, ಹಾಗಾಗಿ ತೇಲುತ್ತದೆ. ರೆಕ್ಕೆಗೆ ಇದು.
- ಹಳೇ ಹವಾಯಿ ಚಪ್ಪಲಿ ಅಥವಾ ಮಕ್ಕಳ ಕ್ರಾಫ್ಟಿಗೆ ಬರುವ 2 ಮಿ.ಮೀ. ಫೋಮ್ ಶೀಟ್. ಚಪ್ಪಲಿ ಕತ್ತರಿಸುವ ಮೊದಲು ಚೂರೊಂದನ್ನು ಬಕೆಟ್ಟಿಗೆ ಹಾಕಿ ನೋಡಿ, ಎಲ್ಲವೂ ಚೆನ್ನಾಗಿ ತೇಲುವುದಿಲ್ಲ.
- ಮೋಟಾರ್ ರಿವೈಂಡಿಂಗ್ ಅಂಗಡಿಯ ತೆಳು ತಾಮ್ರದ ತಂತಿ. ತೋಟದ ಪಂಪ್‌ಸೆಟ್ ಸುಟ್ಟಾಗಲೆಲ್ಲ ಅಲ್ಲಿಗೇ ಹೋಗುತ್ತೀರಲ್ಲ, ಸುಟ್ಟ ತಂತಿಯಲ್ಲಿ ಒಂದು ಹಿಡಿ ಕೇಳಿ. ಸೀಸದ ತಂತಿ ಬೇಡ, ಅದು ವಿಷ.
- ಸ್ವೆಟರ್ ಹೆಣೆದು ಉಳಿದ ಉಲ್ಲನ್, ಸೀರೆ ಕುಚ್ಚಿನ ರೇಷ್ಮೆ ದಾರ, ಹರಿದ ಜರಿ.
- ಜೇನುಮೇಣ. ದಾರಕ್ಕೆ ಸವರಿದರೆ ಜಾರದೆ ಹಿಡಿದುಕೊಳ್ಳುತ್ತದೆ. ಮೇಣದಬತ್ತಿ ಇದಕ್ಕೆ ಆಗುವುದಿಲ್ಲ, ಅದಕ್ಕೆ ಅಂಟು ಸಾಲದು. ಭಾಗಮಂಡಲ ಕಡೆ ಜೇನು ಸಾಕುವ ನೆಂಟರಿದ್ದರೆ ಒಂದು ಉಂಡೆ ತರಿಸಿಕೊಳ್ಳಿ. ವರ್ಷಗಟ್ಟಲೆ ಬರುತ್ತದೆ.
- ಬಣ್ಣವಿಲ್ಲದ ಉಗುರು ಪಾಲಿಶ್.

ಉಪಕರಣ

ಗಾಳವನ್ನು ಅಲುಗದಂತೆ ಹಿಡಿಯಲು ಒಂದು ಹಿಡಿಕೆ ಬೇಕು. ಮೆಕ್ಯಾನಿಕ್‌ಗಳು ವೈಸ್ ಗ್ರಿಪ್ ಅನ್ನುವ, ಒತ್ತಿದರೆ ಲಾಕ್ ಆಗುವ ಇಕ್ಕಳ ಇದ್ದರೆ ಅದನ್ನು ಮೇಜಿನ ಅಂಚಿಗೆ ಬಿಗಿದು ಕಟ್ಟಿ. ಇಲ್ಲದಿದ್ದರೆ ನೋಸ್ ಪ್ಲೈಯರ್‌ನ ಹಿಡಿಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿದರೂ ನಡೆಯುತ್ತದೆ.

ದಾರ ಬಿಟ್ಟುಹೋಗದಂತೆ ಅದರ ತುದಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ನೇತುಬಿಡಿ. ಕೈ ಬಿಟ್ಟರೂ ಕ್ಲಿಪ್ಪಿನ ಭಾರಕ್ಕೆ ದಾರ ಬಿಗಿಯಾಗಿಯೇ ಇರುತ್ತದೆ. ಒಂದು ಚೂಪು ಕತ್ತರಿ, ಒಂದು ಸೂಜಿ, ರೀಫಿಲ್ ತೆಗೆದ ಬಾಲ್‌ಪೆನ್ ಇಷ್ಟಿದ್ದರೆ ಮುಗಿಯಿತು. ತಂತಿ ಕತ್ತರಿಸಲು ಬೇರೆ ಹಳೇ ಕತ್ತರಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಚೂಪು ಕತ್ತರಿ ಹಾಳು. ಕನ್ನಡಕ ಹಾಕಿಕೊಂಡೇ ಕೂರಿ. ಗಾಳ ಸಿಡಿದರೆ ಮುಖಕ್ಕೇ ಬರುತ್ತದೆ.

ಮೊದಲ ಫ್ಲೈ: ವೂಲಿ ಬಗರ್

ಒಂದೇ ಫ್ಲೈ ಕಲಿಯುವುದಾದರೆ ಇದನ್ನೇ ಕಲಿಯಿರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ್ದು, ಈಗ ಪ್ರಪಂಚದ ತುಂಬ ಇದೆ. ನೀರಿನಲ್ಲಿ ಎಳೆದರೆ ಜಿಗಣೆಯಂತೆಯೂ ಗೊದಮೊಟ್ಟೆಯಂತೆಯೂ ಕಾಣುತ್ತದೆ. ಜಿಲೇಬಿ, ಗೆಂಡೆ, ಕೊರವ ಮೂರಕ್ಕೂ ನಡೆಯುತ್ತದೆ.

1. ಗಾಳದ ಮುಳ್ಳನ್ನು (ಮೊನೆಯ ಹಿಂದಿನ ಚಿಕ್ಕ ಎದುರುಕೊಕ್ಕೆ) ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನನ್ನು ಬಿಡುವುದು ಸುಲಭ, ನಿಮ್ಮ ಬೆರಳಿಗೆ ಚುಚ್ಚಿದರೆ ತೆಗೆಯುವುದೂ ಸುಲಭ. ಈ ಕೆಲಸ ಮೊದಲೇ ಮಾಡಿ. ಕೊನೆಯಲ್ಲಿ ಮಾಡಹೋಗಿ ಮೊನೆ ಮುರಿದರೆ ಕಟ್ಟಿದ್ದೆಲ್ಲ ಹೋಯಿತು.

2. ಗಾಳದ ಬಾಗನ್ನು ಇಕ್ಕಳಕ್ಕೆ ಸಿಕ್ಕಿಸಿ. ಕಡ್ಡಿ ನೆಲಕ್ಕೆ ಸಮನಾಗಿರಲಿ, ಕಣ್ಣು ನಿಮ್ಮ ಬಲಕ್ಕೆ ಇರಲಿ.

3. ದಾರಕ್ಕೆ ಮೇಣ ಸವರಿ. ಕಣ್ಣಿನ ಹಿಂದೆ, ಒಂದು ಕಣ್ಣಿನಷ್ಟು ಜಾಗ ಬಿಟ್ಟು ಸುತ್ತಲು ಶುರು ಮಾಡಿ. ಸುತ್ತುವುದು ನಿಮ್ಮಿಂದ ಆಚೆ ಕಡೆಗೆ, ಮೇಲಿನಿಂದ. ದಾರದ ತುದಿಯ ಮೇಲೆಯೇ ಆರೇಳು ಸುತ್ತು ಹಾಕಿದರೆ ಅದು ತಾನೇ ಬಿಗಿದುಕೊಳ್ಳುತ್ತದೆ, ಗಂಟು ಬೇಡ. ಉಳಿದ ತುದಿ ಕತ್ತರಿಸಿ, ಹಾಗೇ ಸುತ್ತುತ್ತಾ ಬಾಗು ಶುರುವಾಗುವ ತನಕ ಹೋಗಿ. ಬರೀ ಕಡ್ಡಿಯ ಮೇಲೆ ಪುಕ್ಕ ಕಟ್ಟಿದರೆ ಗಿರಗಿರ ತಿರುಗುತ್ತದೆ, ಅದಕ್ಕೇ ಈ ದಾರದ ಹಾಸು.

4. ಫ್ಲೈ ಮುಳುಗಬೇಕಾದರೆ ಕಡ್ಡಿಯ ಮುಂದಿನ ಅರ್ಧಕ್ಕೆ ತಾಮ್ರದ ತಂತಿ ಎಂಟು ಹತ್ತು ಸುತ್ತು ಹಾಕಿ, ಮೇಲೆ ದಾರ ಸುತ್ತಿ ಕೂರಿಸಿ.

5. ಬಾಲ. ಗರಿಯ ಬುಡದ ತುಪ್ಪಳವನ್ನು ಒಂದು ಚಿಟಿಕೆ ಹಿಡಿದು, ಬೆರಳು ಒದ್ದೆ ಮಾಡಿ ನೀವಿ. ಬಾಲದ ಉದ್ದ ಕಡ್ಡಿಯಷ್ಟೇ ಇರಲಿ. ಜಾಸ್ತಿ ಉದ್ದ ಮಾಡಿದರೆ ಮೀನು ಬಾಲ ಮಾತ್ರ ಕಚ್ಚಿ ಎಳೆಯುತ್ತದೆ, ಗಾಳ ಬಾಯಿಗೇ ಹೋಗುವುದಿಲ್ಲ. ಕಡ್ಡಿಯ ನೆತ್ತಿಯ ಮೇಲಿಟ್ಟು ಐದಾರು ಬಿಗಿ ಸುತ್ತು ಹಾಕಿ.

6. ಅದೇ ಜಾಗದಲ್ಲಿ ಒಂದು ಗೇಣು ತೆಳು ತಾಮ್ರದ ತಂತಿಯನ್ನು ಕಟ್ಟಿ ಹಿಂದಕ್ಕೆ ನೇತುಬಿಡಿ. ಅದರ ಮೇಲೆ ಉಲ್ಲನ್ ಎಳೆ ಕಟ್ಟಿ. ಉಲ್ಲನ್ ದಪ್ಪಗಿದ್ದರೆ ಹುರಿ ಬಿಚ್ಚಿ ಒಂದೇ ಎಳೆ ತೆಗೆದುಕೊಳ್ಳಿ.

7. ದಾರವನ್ನು ಕಣ್ಣಿನ ಹತ್ತಿರಕ್ಕೆ ತನ್ನಿ. ಉಲ್ಲನ್ನನ್ನು ಒತ್ತೊತ್ತಾಗಿ ಮುಂದಕ್ಕೆ ಸುತ್ತಿ, ಕಣ್ಣಿಗಿಂತ ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ನಿಲ್ಲಿಸಿ, ದಾರದಿಂದ ಕಟ್ಟಿ, ಕತ್ತರಿಸಿ. ಹತ್ತರಲ್ಲಿ ಒಂಬತ್ತು ಜನ ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಕಣ್ಣಿನವರೆಗೂ ಉಲ್ಲನ್ ತುಂಬಿಬಿಡುತ್ತಾರೆ. ಆಮೇಲೆ ಗರಿ ಕಟ್ಟಲು ಜಾಗ ಇಲ್ಲ, ತಲೆ ಕಟ್ಟಲು ಜಾಗ ಇಲ್ಲ, ಕಣ್ಣೂ ಮುಚ್ಚಿಹೋಗಿರುತ್ತದೆ.

8. ಗರಿ. ಹುಂಜದ ಕತ್ತಿನ ಗರಿಯೊಂದನ್ನು ಬಾಗಿಸಿ ಹಿಡಿದರೆ ಎಳೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆ ಎಳೆಯ ಉದ್ದ ಗಾಳದ ಬಾಯಿಯ (ಮೊನೆಗೂ ಕಡ್ಡಿಗೂ ನಡುವಿನ ಅಂತರ) ಒಂದೂವರೆಯಷ್ಟಿರಬೇಕು. ಬುಡದ ತುಪ್ಪಳ ಕಿತ್ತು, ಬರೀ ದಂಟನ್ನು ಕಣ್ಣಿನ ಹಿಂದೆ ಕಟ್ಟಿ. ಈಗ ಗರಿಯನ್ನು ಹಿಂದಕ್ಕೆ, ಬಾಲದ ಕಡೆಗೆ, ನಾಲ್ಕೈದು ಸುತ್ತು ಬಿಡಿಬಿಡಿಯಾಗಿ ಸುತ್ತಿ.

9. ಗರಿಯ ತುದಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ನೇತುಬಿಟ್ಟ ತಾಮ್ರದ ತಂತಿಯನ್ನು ಇನ್ನೊಂದು ಕೈಯಲ್ಲಿ ತೆಗೆದು ಅದರ ಮೇಲೆ ಒಂದು ಸುತ್ತು ಹಾಕಿ. ಗರಿ ಸಿಕ್ಕಿಬಿತ್ತು. ತಂತಿಯನ್ನು ಎಳೆಗಳ ನಡುವೆ ನುಸುಳಿಸುತ್ತಾ ಮುಂದಕ್ಕೆ ತನ್ನಿ. ಎಳೆ ತಂತಿಯಡಿ ಮಲಗದಂತೆ ತಂತಿಯನ್ನು ಅತ್ತಿತ್ತ ಸ್ವಲ್ಪ ಅಲ್ಲಾಡಿಸುತ್ತಾ ಸುತ್ತಬೇಕು. ಕಣ್ಣಿನ ಹಿಂದೆ ದಾರದಿಂದ ಕಟ್ಟಿ. ಹೆಚ್ಚಿನ ತಂತಿಯನ್ನು ಕತ್ತರಿಸುವ ಬದಲು ಅತ್ತಿತ್ತ ಬಗ್ಗಿಸಿದರೆ ಬುಡದಲ್ಲೇ ಮುರಿಯುತ್ತದೆ. ಉಳಿದ ಗರಿಯ ತುದಿ ಕತ್ತರಿಸಿ. ತಂತಿ ಹಾಕದಿದ್ದರೂ ಫ್ಲೈ ಆಗುತ್ತದೆ, ಆದರೆ ಎರಡನೇ ಮೀನಿನ ಹಲ್ಲಿಗೆ ಗರಿ ಬಿಚ್ಚಿಕೊಳ್ಳುತ್ತದೆ.

10. ತಲೆ. ಬಾಲ್‌ಪೆನ್ನಿನ ಮೂತಿಗೆ ದಾರವನ್ನು ಒಂದು ಸುತ್ತು ಕುಣಿಕೆ ಹಾಕಿ, ಆ ಮೂತಿಯ ತೂತಿನೊಳಗೆ ಗಾಳದ ಕಣ್ಣು ಹೋಗುವಂತೆ ಹಿಡಿದು, ಕುಣಿಕೆಯನ್ನು ಜಾರಿಸಿ ಕಡ್ಡಿಯ ಮೇಲೆ ಬೀಳಿಸಿ ಎಳೆಯಿರಿ. ಹೀಗೆ ನಾಲ್ಕು ಸಲ. ದಾರ ಕತ್ತರಿಸಿ, ಸೂಜಿಮೊನೆಯಲ್ಲಿ ಒಂದು ಹನಿ ಉಗುರು ಪಾಲಿಶ್ ಇಡಿ. ಬಾಟಲಿಯ ಬ್ರಷ್‌ನಿಂದಲೇ ಬಳಿದರೆ ಕಣ್ಣು ಮುಚ್ಚುತ್ತದೆ. ಒಣಗುವ ಮೊದಲೇ ಕಣ್ಣಿನೊಳಗೆ ಸೂಜಿ ತೂರಿಸಿ ನೋಡಿ.

ಮೊದಲನೆಯದು ಹಲ್ಲುಜ್ಜುವ ಬ್ರಷ್‌ನಂತೆ ಕಾಣುತ್ತದೆ. ಪರವಾಗಿಲ್ಲ. ಒಂದೇ ಬಣ್ಣ, ಒಂದೇ ನಂಬರಿನಲ್ಲಿ ಐದಾರು ಕಟ್ಟಿ. ಒಂದೊಂದು ಸಲ ಒಂದೊಂದು ಹೊಸ ಫ್ಲೈ ಕಟ್ಟುವ ಆಸೆ ಆಗುತ್ತದೆ, ಆದರೆ ಕೈ ಕುದುರುವುದು ಒಂದನ್ನೇ ಮತ್ತೆ ಮತ್ತೆ ಕಟ್ಟಿದಾಗ.

ಎರಡನೆಯದು: ತೇಲುವ ಇರುವೆ, ಮಳೆಹುಳ

ಹೂಮಳೆ ಆದ ಮೇಲೆ, ಮುಂಗಾರಿನ ಶುರುವಿನಲ್ಲಿ ದೀಪಕ್ಕೆ ಮಳೆಹುಳ (ರೆಕ್ಕೆಯ ಗೆದ್ದಲು) ಮುತ್ತುವ ಸಂಜೆಗಳು ಇರುತ್ತವಲ್ಲ, ಅವತ್ತು ಕೆರೆಯ ಮೇಲೂ ಅವು ಬೀಳುತ್ತವೆ. ಮೀನು ಮೇಲೆ ಬಂದು ಪುಳಕ್ ಪುಳಕ್ ಅಂತ ನುಂಗುವುದು ಕಾಣುತ್ತದೆ. ಆಗ ಮುಳುಗುವ ಫ್ಲೈ ಹಾಕಿದರೆ ಸುಮ್ನೆ ಕಾಯಬೇಕು.

1. 12 ನಂಬರ್ ಗಾಳ. ಕಡ್ಡಿಗೆ ದಾರ ಹಾಸಿ.

2. ಫೋಮ್‌ನಿಂದ 3 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಇರುವೆಗೆ ಕಪ್ಪು, ಮಳೆಹುಳಕ್ಕೆ ಕಂದು. ಪಟ್ಟಿಯನ್ನು ಕಡ್ಡಿಯ ಮೇಲೆ ಉದ್ದಕ್ಕೆ ಇಟ್ಟು, ನಡುವೆ ಮಾತ್ರ ಕಟ್ಟಿ. ಹಿಂದೊಂದು ಉಬ್ಬು, ಮುಂದೊಂದು ಉಬ್ಬು, ನಡು ಸಣ್ಣ. ಆ ಸಣ್ಣ ನಡು ಇದ್ದರೇ ಇರುವೆ. ಇಲ್ಲದಿದ್ದರೆ ಅದು ಬರೀ ಫೋಮ್ ತುಂಡು.

3. ಮಳೆಹುಳ ಬೇಕಾದರೆ ನಡುವಿನ ಮೇಲೆ ಗೊಬ್ಬರದ ಚೀಲದ ಬಿಳಿ ಎಳೆ ಹತ್ತಿಪ್ಪತ್ತು ಇಟ್ಟು ಕಟ್ಟಿ, ಹಿಂದಕ್ಕೆ ಬಾಗಿಸಿ. ಹಾಲಿನ ಕವರಿನ ಪ್ಲಾಸ್ಟಿಕ್ ಚೂರು ರೆಕ್ಕೆಯಂತೆ ಕಾಣುತ್ತದೆ ನಿಜ, ಆದರೆ ಬೀಸುವಾಗ ಫ್ಯಾನಿನಂತೆ ತಿರುಗಿ ದಾರವನ್ನು ಗಂಟು ಮಾಡುತ್ತದೆ.

4. ನಡುವಿಗೆ ಚಿಕ್ಕ ಹುಂಜದ ಗರಿ ಎರಡು ಸುತ್ತು. ಅದೇ ಕಾಲು. ಕೆಳಗೆ ಚಾಚಿದ ಎಳೆಗಳನ್ನು ಮಟ್ಟಸವಾಗಿ ಕತ್ತರಿಸಿದರೆ ಫ್ಲೈ ನೀರಿನ ಮೇಲೆ ಮೈಚೆಲ್ಲಿ ಕೂರುತ್ತದೆ.

5. ಕುಣಿಕೆ ಗಂಟು, ಪಾಲಿಶ್. ಫೋಮ್ ಕಟ್ಟುವಾಗ ದಾರ ಜಾಸ್ತಿ ಬಿಗಿದರೆ ಅದನ್ನೇ ಕತ್ತರಿಸಿಬಿಡುತ್ತದೆ. ಮೊದಲ ಎರಡು ಸುತ್ತು ಮೆತ್ತಗೆ, ಆಮೇಲೆ ಬಿಗಿ.

ಫೋಮ್ ದಪ್ಪವಾಗಿ ಗಾಳದ ಬಾಯಿ ಮುಚ್ಚಿದ್ದರೆ ಮೀನು ಕಚ್ಚುತ್ತದೆ, ಸಿಕ್ಕುವುದಿಲ್ಲ. ಪಟ್ಟಿ ಯಾವಾಗಲೂ ಕಡ್ಡಿಯ ನೆತ್ತಿಯ ಮೇಲೆಯೇ ಇರಲಿ.

ಮೂರನೆಯದು: ಗೋಣಿನಾರಿನ ನೀರುಹುಳ

ಇದಕ್ಕೆ ದಾರವೇ ಬೇಡ, ತಾಮ್ರದ ತಂತಿ ಸಾಕು. ಇಂಗ್ಲೆಂಡಿನಲ್ಲಿ ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ತನ್ನ ಹೆಸರಾಂತ ನೀರುಹುಳವನ್ನು ಹೀಗೇ ತಂತಿ ಮತ್ತು ಗರಿಯಿಂದ ಕಟ್ಟುತ್ತಿದ್ದ. ಅವನ ಇನ್ನೊಂದು ಫ್ಲೈಗೆ ಬಳಸಿದ್ದು ಕಾಲುಚೀಲ ರಫು ಮಾಡುವ ಉಲ್ಲನ್. ಅಗ್ಗದ ಸಾಮಾನು ಅಂತ ಮುಜುಗರ ಪಡುವವರು ಇದನ್ನು ನೆನಪಿಡಿ.

1. 12 ನಂಬರ್ ಗಾಳಕ್ಕೆ ತಂತಿ ಸುತ್ತಿ, ಕಣ್ಣಿನ ಹಿಂದೆ ಸ್ವಲ್ಪ ಉಬ್ಬು ಮಾಡಿ. ಅದು ಹುಳದ ಎದೆ.

2. ತಂತಿಯನ್ನು ಹಿಂದಕ್ಕೆ ತಂದು, ಗೋಣಿನಾರಿನ ನಾಲ್ಕೈದು ಎಳೆ ಬಾಲವಾಗಿ ಕಟ್ಟಿ. ಉದ್ದ ಕಡ್ಡಿಯ ಅರ್ಧ.

3. ಇನ್ನಷ್ಟು ನಾರನ್ನು ಮೇಣ ಹಚ್ಚಿದ ಬೆರಳಿನಲ್ಲಿ ಹೊಸೆದು ಹುರಿ ಮಾಡಿ, ಮುಂದಕ್ಕೆ ಸುತ್ತಿ. ಬಾಲದ ಕಡೆ ತೆಳ್ಳಗೆ, ಎದೆಯ ಕಡೆ ದಪ್ಪ.

4. ಅದರ ಮೇಲೆ ತಂತಿಯನ್ನು ಬಿಡಿಬಿಡಿಯಾಗಿ ಮುಂದಕ್ಕೆ ಸುತ್ತಿ, ಕಣ್ಣಿನ ಹಿಂದೆ ಐದಾರು ಸುತ್ತು ಒತ್ತಾಗಿ ಹಾಕಿ, ಎರಡು ಕುಣಿಕೆ, ಒಂದು ಹನಿ ಪಾಲಿಶ್.

ಎದೆಯ ನಾರನ್ನು ಸೂಜಿಯಿಂದ ಕೆದರಿ ಬಿಡಿ. ನಯವಾಗಿ ಕಾಣುವ ಹುಳಕ್ಕಿಂತ ಕೆದರಿದ ಹುಳವೇ ಜಾಸ್ತಿ ಮೀನು ಹಿಡಿಯುತ್ತದೆ ಎಂಬುದು ನನ್ನ ಅನುಭವ.

ನೀರಿಗೆ ಹಾಕುವುದು

ಮೊದಲು ಬಕೆಟ್. ತೇಲಬೇಕಾದದ್ದು ತೇಲುತ್ತದಾ, ಮುಳುಗಬೇಕಾದದ್ದು ನೆಟ್ಟಗೆ ಮುಳುಗುತ್ತದಾ ನೋಡಿ. ಒಂದು ಕಡೆ ವಾಲಿದರೆ ಆ ಕಡೆಯ ಸಾಮಾನು ಕತ್ತರಿಸಿ ಸಮ ಮಾಡಿ.

ಫ್ಲೈ ಬೀಸುವ ಕೋಲು ದುಬಾರಿ. ಅದಿಲ್ಲದೆಯೂ ನಡೆಯುತ್ತದೆ. ಹತ್ತು ಹನ್ನೆರಡು ಅಡಿಯ ತೆಳ್ಳನೆಯ ಬಿದಿರಿಗೆ ಅಷ್ಟೇ ಉದ್ದದ ನೈಲಾನ್ ದಾರ ಕಟ್ಟಿದರೆ ತೇಲುವ ಇರುವೆಯನ್ನು ದಡದ ಪೊದೆಯ ನೆರಳಿಗೆ ನಿಧಾನವಾಗಿ ಇಳಿಸಬಹುದು. ಜಪಾನಿನವರು ಬೆಟ್ಟದ ಹೊಳೆಗಳಲ್ಲಿ ರೀಲ್ ಇಲ್ಲದೆ ಹೀಗೇ ಹಿಡಿಯುತ್ತಾರೆ. ರೀಲ್ ಇರುವ ಸಾಮಾನ್ಯ ಕೋಲಿದ್ದರೆ ನೀರು ತುಂಬುವ ಪ್ಲಾಸ್ಟಿಕ್ ಬೆಂಡು ಹಾಕಿ. ಬೆಂಡಿನ ಭಾರಕ್ಕೆ ಫ್ಲೈ ದೂರ ಹೋಗುತ್ತದೆ. ಬೆಂಡಿಗೂ ಫ್ಲೈಗೂ ನಡುವೆ ಮೂರು ನಾಲ್ಕು ಅಡಿ ಇರಲಿ. ವೂಲಿ ಬಗರ್ ಆದರೆ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಕಚ್ಚುವುದು ಹೆಚ್ಚಾಗಿ ನಿಲ್ಲಿಸಿದಾಗ. ಬೀಸುವ ಮುಂಚೆ ಬೆನ್ನ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿ, ಕಾಫಿ ಗಿಡವೂ ಲೆಕ್ಕಕ್ಕೆ ಬರುತ್ತದೆ.

ಇಡುವುದು, ಮತ್ತೆ ಬಳಸುವುದು

ಮನೆಗೆ ಬಂದ ತಕ್ಷಣ ಫ್ಲೈಗಳನ್ನು ಡಬ್ಬಿಯಿಂದ ತೆಗೆದು ಗಾಳಿಗೆ ಒಣಗಿಸಿ. ನಮ್ಮ ಹವೆಯಲ್ಲಿ ಒಂದು ರಾತ್ರಿ ಒದ್ದೆ ಇದ್ದರೆ ತುಕ್ಕು ಶುರು. ಥರ್ಮಾಕೋಲ್ ತುಂಡಿಗೆ ಸಿಕ್ಕಿಸಿ, ಬೆಕ್ಕು ನಾಯಿಗೆ ಸಿಗದ ಎತ್ತರದಲ್ಲಿಡಿ. ಪುಕ್ಕದ ವಾಸನೆಗೆ ಅವು ಬಂದೇ ಬರುತ್ತವೆ.

ಪುಕ್ಕ ಉದುರಿದ ಫ್ಲೈ ಎಸೆಯಬೇಡಿ. ಬಾಗಿನ ಕಡೆಯಿಂದ ಕಣ್ಣಿನ ಕಡೆಗೆ ಬ್ಲೇಡ್ ಎಳೆದು ಹಳೇ ಸಾಮಾನು ಬಿಚ್ಚಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರು ಬಿದ್ದರೆ ಚೂಪಿದೆ, ಮತ್ತೆ ಕಟ್ಟಬಹುದು. ಜಾರಿದರೆ ಉಗುರು ಉಜ್ಜುವ ಅರದಿಂದ ಎರಡು ಸಲ ಉಜ್ಜಿ. ತುಕ್ಕು ತಿಂದ ಗಾಳವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಾಟಲಿಗೆ ಹಾಕಿಡಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಗೊಬ್ಬರ ನಾಳೆ ಗಿಡದ ಬುಡಕ್ಕೆ ಹೋಗುತ್ತದೆ, ಅಲ್ಲಿ ಕೆಲಸದವರು ಬರಿಗಾಲಿನಲ್ಲಿ ಓಡಾಡುತ್ತಾರೆ.